ನಿಂತ ನೀರು, ನಿಂತ ಕಾರು: ಉತ್ತರ ಬೆಂಗಳೂರಿನಲ್ಲಿ ಹಳೆಯ ಕಾರಿನ ಮಳೆಗಾಲ ಮತ್ತು ಚಳಿಗಾಲ

ಮುಂಗಾರು ಹತ್ತಿರವಾದಂತೆ ಹಳೆಯ ಕಾರು ಇರುವ ಮನೆಗಳಲ್ಲಿ ಒಂದು ವಾಡಿಕೆ ಕಾಣುತ್ತದೆ. ಬ್ಯಾಟರಿಯ ವೈರ್ ಕಳಚಿ, ಮೇಲೊಂದು ಹೊದಿಕೆ ಎಳೆದು, ಮಳೆ ಮುಗಿಯುವವರೆಗೆ ಕಾರನ್ನು ಮೂಲೆಗೆ ಸೇರಿಸಿಬಿಡುತ್ತಾರೆ. ಯಲಹಂಕದ ಅಂಬಾಸಿಡರ್ ಇರಲಿ, ಆರ್.ಟಿ. ನಗರದ ಪ್ರೀಮಿಯರ್ ಪದ್ಮಿನಿ ಇರಲಿ, ಯಶವಂತಪುರದ ಹಳೇ ಮನೆಯ ಅಂಗಳದಲ್ಲಿರುವ ಸ್ಟ್ಯಾಂಡರ್ಡ್ ಹೆರಾಲ್ಡ್ ಇರಲಿ, ನಿಯಮ ಒಂದೇ. ಇದರ ಹಿಂದೆ ಕಾರಿನ ಮೇಲಿನ ಪ್ರೀತಿ ಇದೆ ಎನ್ನುವುದರಲ್ಲಿ ಸಂಶಯವಿಲ್ಲ. ಆದರೆ ಅದರಿಂದ ಕಾರಿಗೆ ಒಳ್ಳೆಯದಾಗುತ್ತಿಲ್ಲ. ಬೆಂಗಳೂರಿನ ಮಳೆ ಏಪ್ರಿಲ್ ಕೊನೆಯ ಗುಡುಗು ಮಳೆಯಿಂದ ಶುರುವಾಗಿ ಸ್ವಾತಿ, ವಿಶಾಖ ಮಳೆಗಳವರೆಗೆ, ಅಂದರೆ ನವೆಂಬರ್ ನಡುವಿನವರೆಗೆ ಎಳೆಯುತ್ತದೆ. ವರ್ಷಕ್ಕೆ ಬೀಳುವ ಸುಮಾರು 970 ಮಿ.ಮೀ. ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ ತಿಂಗಳದ್ದು. ಈ ಇಡೀ ಅವಧಿಯಲ್ಲಿ ಕಾರನ್ನು ಹೊರಗೆ ತೆಗೆಯುವುದಿಲ್ಲ ಎಂದರೆ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ಅದು ಅಲುಗಾಡದೆ ನಿಲ್ಲುತ್ತದೆ. ನನ್ನ ವಾದ ಇಷ್ಟು: ಮೇಲಿಂದ ಬೀಳುವ ಮಳೆಗಿಂತ ರಸ್ತೆಯಲ್ಲಿ ನಿಂತ ನೀರು ಹಳೆಯ ಕಾರಿಗೆ ಅಪಾಯಕಾರಿ; ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತೇ ಇರುವುದೂ ಅಷ್ಟೇ ಅಪಾಯಕಾರಿ. ಮಳೆಗಾಲದಲ್ಲೂ ಅದನ್ನು ಓಡಿಸಬೇಕು, ಆದರೆ ನಿಂತ ನೀರಿಗೆ ಇಳಿಸಬಾರದು, ಒದ್ದೆಯಾಗಿ ಮನೆ ಸೇರಿದ ಮೇಲೆ ಹಾಗೆಯೇ ಬಿಡಬಾರದು.

ಕಾರನ್ನು ಋತುವಿಡೀ ಮುಚ್ಚಿಡಬೇಕೆಂಬ ಸಲಹೆ ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಬ್ರಿಟನ್, ಜರ್ಮನಿ, ಅಮೆರಿಕದ ಉತ್ತರ ಭಾಗಗಳಲ್ಲಿ ಚಳಿಗಾಲದ ರಸ್ತೆಗಳ ಮೇಲೆ ಹಿಮ ಕರಗಲೆಂದು ಉಪ್ಪು ಎರಚುತ್ತಾರೆ. ಉಪ್ಪುನೀರು ತಗಡಿನ ಸಂದುಗಳಿಗೆ ಸೇರಿದರೆ ಕೆಲವೇ ಚಳಿಗಾಲಗಳಲ್ಲಿ ಕಾರಿನ ತಳ ತೂತು ಬೀಳುತ್ತದೆ. ಹಾಗಾಗಿ ಅಲ್ಲಿನವರು ಅಕ್ಟೋಬರ್‌ನಲ್ಲಿ ಕಾರನ್ನು ಮುಚ್ಚಿಟ್ಟು ಉಪ್ಪು ತೊಳೆದುಹೋದ ಮೇಲೆ ತೆಗೆಯುವುದು ಸರಿಯೇ. ನಮ್ಮ ರಸ್ತೆಗಳಲ್ಲಿ ಆ ಉಪ್ಪಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ರೇಡಿಯೇಟರಿನ ನೀರು ಇಲ್ಲಿ ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಹಾಗೆಂದು ಕೂಲೆಂಟ್ ಬೇಡವೆಂದಲ್ಲ. ಅದರಲ್ಲಿರುವ ತುಕ್ಕು ತಡೆಯುವ ಅಂಶ ನಮಗೆ ಬೇಕು. ಬೋರ್‌ವೆಲ್ಲಿನ ಗಡಸು ನೀರನ್ನು ನೇರವಾಗಿ ಸುರಿದರೆ ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ಬೆರೆಸಿ ಹಾಕಿದರೆ ಸಾಕು.

ಹಾಗಾದರೆ ನಿಲ್ಲಿಸಿಟ್ಟ ಕಾರಿಗೆ ಆಗುವ ನಷ್ಟವೇನು? ಬ್ರೇಕ್ ಆಯಿಲ್‌ನಿಂದ ಶುರುಮಾಡೋಣ. ಸಾಮಾನ್ಯವಾಗಿ ಬಳಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿಯವರೆಗೆ ಕುದಿಯದೆ ತಡೆಯಬೇಕು. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಅದೇ ತೇವ ವೀಲ್ ಸಿಲಿಂಡರಿನ ಒಳಮೈಯಲ್ಲಿ ತುಕ್ಕು ಹಿಡಿಸಿ ಪಿಸ್ಟನ್ ಕಚ್ಚಿಕೊಳ್ಳುವಂತೆ ಮಾಡುತ್ತದೆ, ಓಡದೆ ನಿಂತ ಕಾರಿನಲ್ಲಿ ಇದು ಇನ್ನೂ ಬೇಗ. ಪೆಟ್ರೋಲಿನದು ಇದಕ್ಕಿಂತ ಹೊಸ ತೊಂದರೆ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ, ಕಾರ್ಬ್ಯುರೇಟರಿನ ಲೋಹವನ್ನು ಕೊರೆಯುತ್ತದೆ. ಅರ್ಧ ಖಾಲಿ ಇರುವ ಟ್ಯಾಂಕಿನ ಗೋಡೆಗಳ ಮೇಲೆ ಮಳೆಗಾಲದ ರಾತ್ರಿಗಳಲ್ಲಿ ಹನಿಗಟ್ಟುವ ನೀರು ಒಂದು ಮಟ್ಟ ದಾಟಿದರೆ ಎಥನಾಲ್ ಪೆಟ್ರೋಲಿನಿಂದ ಬೇರೆಯಾಗಿ ನೀರಿನೊಡನೆ ತಳಕ್ಕಿಳಿಯುತ್ತದೆ. ಪಂಪು ಮೊದಲು ಎಳೆಯುವುದು ಆ ತಳದ ದ್ರವವನ್ನೇ. ಆದ್ದರಿಂದ ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಡಿ, ಆ ಪೆಟ್ರೋಲನ್ನು ಒಂದೆರಡು ತಿಂಗಳಲ್ಲಿ ಓಡಿಸಿ ಮುಗಿಸಿ. ವಾರಕ್ಕೊಮ್ಮೆ ಶೆಡ್ಡಿನಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡುವುದು ಓಡಿಸಿದ ಲೆಕ್ಕಕ್ಕೆ ಬಾರದು. ಅಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಾವಿ ಸೈಲೆನ್ಸರಿನಲ್ಲೂ ಎಂಜಿನ್ ಆಯಿಲಿನಲ್ಲೂ ಉಳಿದು ತುಕ್ಕಿಗೆ ದಾರಿಯಾಗುತ್ತದೆ. ಅರ್ಧ ಗಂಟೆ ರಸ್ತೆಯ ಮೇಲೆ ಓಡಿದರೆ ಆ ನೀರು ಆವಿಯಾಗಿ ಹೋಗುತ್ತದೆ, ಬ್ರೇಕು, ಗೇರು, ಬ್ಯಾಟರಿಗಳಿಗೂ ಕೆಲಸ ಸಿಗುತ್ತದೆ.

ಮಳೆಯಲ್ಲಿ ತೆಗೆದರೆ ತುಕ್ಕು ಹಿಡಿಯುವುದಿಲ್ಲವೇ ಎಂಬುದು ಮೊದಲ ಆಕ್ಷೇಪ, ಮತ್ತು ಅದು ಹಗುರವಾದ ಆಕ್ಷೇಪವಲ್ಲ. ಅಂಬಾಸಿಡರ್ ಮತ್ತು ಪದ್ಮಿನಿಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ತಗಡಿನ ಮೈಯೇ ಭಾರ ಹೊರುತ್ತದೆ. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ತುಕ್ಕು ತಿಂದರೆ ಹೋಗುವುದು ಅಂದವೊಂದೇ ಅಲ್ಲ, ಕಾರಿನ ಬಲವೂ ಹೋಗುತ್ತದೆ. (ಹೆರಾಲ್ಡ್‌ಗೆ ಬೇರೆ ಚಾಸಿಸ್ ಇದೆ; ಅದರಲ್ಲೂ ತುಕ್ಕು ನೋಡಬೇಕಾದ ಜಾಗಗಳಿವೆ.) ಆದರೆ ತುಕ್ಕಿಗೆ ಬೇಕಾಗುವುದು ಸುರಿದು ಹರಿದುಹೋಗುವ ನೀರಲ್ಲ, ಸಂದಿನಲ್ಲಿ ಉಳಿದ ನೀರು. ಮಳೆಯಲ್ಲಿ ಓಡಿ ಬಂದು ಒಣಗಿದ ಕಾರಿಗಿಂತ, ಸೋರುವ ಬೀಡಿಂಗಿನಿಂದ ಕಾಲಡಿಯ ಮ್ಯಾಟು ನೆನೆದು ಜೂನ್‌ನಿಂದ ದೀಪಾವಳಿವರೆಗೆ ಹಾಗೆಯೇ ನಿಂತ ಕಾರು ಬೇಗ ಹಾಳಾಗುತ್ತದೆ. ಆದ್ದರಿಂದ ಮುಂಗಾರಿಗೆ ಮೊದಲು ಬಾಗಿಲುಗಳ ಕೆಳಂಚಿನ ಸಣ್ಣ ರಂಧ್ರಗಳನ್ನೂ ಬೊನೆಟ್ ಹಿಂದೆ, ಗಾಜಿನ ಬುಡದಲ್ಲಿರುವ ನೀರು ಹೋಗುವ ದಾರಿಯನ್ನೂ ತಂತಿಯಿಂದ ಬಿಡಿಸಿ. ಆರ್.ಟಿ. ನಗರ, ಸಂಜಯನಗರದಂಥ ಮರಗಳಿರುವ ರಸ್ತೆಗಳಲ್ಲಿ ನಿಲ್ಲಿಸುವವರಿಗೆ ಇದು ಇನ್ನೂ ಮುಖ್ಯ, ಎಲೆ ಕೊಳೆತು ಆ ದಾರಿಗಳನ್ನೇ ಮುಚ್ಚುತ್ತದೆ. ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆಗಳು ಸುಲಭವಾಗಿ ಮುರಿಯುತ್ತವೆ, ಆ ದಿನಗಳಲ್ಲಿ ಅದರ ಕೆಳಗೆ ನಿಲ್ಲಿಸಲೇಬೇಡಿ. ಓಡಿಸಿ ಬಂದ ಮೇಲೆ ಚಕ್ರದ ಗೂಡುಗಳಲ್ಲಿ ಅಂಟಿದ ಕೆಸರನ್ನು ಪೈಪಿನ ನೀರಿನಿಂದ ತೊಳೆದು, ಮ್ಯಾಟು ಹೊರತೆಗೆದು, ಕಿಟಕಿ ಒಂದಿಷ್ಟು ಇಳಿಸಿ, ಮೈ ಪೂರ್ತಿ ಒಣಗಿದ ಮೇಲಷ್ಟೇ ಹೊದಿಕೆ ಹಾಕಬೇಕು. ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಹೊದಿಸುವುದಕ್ಕಿಂತ ಏನನ್ನೂ ಹೊದಿಸದಿರುವುದು ವಾಸಿ.

ಇನ್ನು ಓಡಿಸುವ ವಿಚಾರ. ಹಳೆಯ ಅಂಬಾಸಿಡರ್, ಪದ್ಮಿನಿಗಳ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಡ್ರಮ್ಮಿನೊಳಗೆ ನೀರು ಹೊಕ್ಕರೆ ಲೈನರ್ ಮತ್ತು ಡ್ರಮ್ಮಿನ ನಡುವೆ ನೀರಿನ ಪದರ ಕೂತು ಹಿಡಿತ ಬಿಟ್ಟುಬಿಡುತ್ತದೆ. ಕೆಲವೊಮ್ಮೆ ಒಂದೇ ಚಕ್ರ ಹಿಡಿದು ಕಾರು ಪಕ್ಕಕ್ಕೆಳೆಯುತ್ತದೆ. ಕೊಚ್ಚೆ ದಾಟಿದ ಕೂಡಲೇ ಹಿಂದೆ ವಾಹನ ಇಲ್ಲದಿರುವುದನ್ನು ನೋಡಿಕೊಂಡು, ನಿಧಾನ ವೇಗದಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿಹಿಡಿದು ಸ್ವಲ್ಪ ದೂರ ಓಡಿಸಿದರೆ ಆ ಬಿಸಿಗೆ ಡ್ರಮ್ಮು ಒಣಗುತ್ತದೆ. ವೇಗದ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿ. ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಂಡರೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಅಷ್ಟರಲ್ಲೇ ಕಾರು 21 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಅಲ್ಲಿಂದ ನಿಲ್ಲಲು ಸುಮಾರು 14 ಮೀಟರ್, ಒದ್ದೆ ರಸ್ತೆಯಲ್ಲಿ ಸುಮಾರು 25 ಮೀಟರ್. ಒಟ್ಟು 35ರ ಬದಲು 46. ಅದೇ ಒದ್ದೆ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿದ್ದರೆ ಒಟ್ಟು 33 ಮೀಟರಿಗೆ ನಿಲ್ಲುತ್ತದೆ. ಹತ್ತು ಕಿ.ಮೀ. ವೇಗ ಇಳಿಸಿದರೆ ಮಳೆ ಕಸಿದುಕೊಂಡ ಅಂತರ ವಾಪಸು ಸಿಗುತ್ತದೆ ಎಂದಾಯಿತು. ಇದು ಸಾಧಾರಣ ಒಳ್ಳೆಯ ಟೈರು, ಒಳ್ಳೆಯ ಲೈನರ್ ಇದ್ದಾಗಿನ ಲೆಕ್ಕ. ಎಬಿಎಸ್ ಇಲ್ಲದ ಕಾರಿನಲ್ಲಿ ಗಾಬರಿಯಿಂದ ಪೆಡಲ್ ಅದುಮಿದರೆ ಚಕ್ರ ಲಾಕ್ ಆಗಿ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಒತ್ತಿ ಬಿಟ್ಟು, ಒತ್ತಿ ಬಿಟ್ಟು ನಿಲ್ಲಿಸುವುದನ್ನು ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿಕೊಳ್ಳಬೇಕು.

ಟೈರಿನ ಬಗ್ಗೆ ಹಳೆಯ ಕಾರಿನವರು ಮಾಡುವ ತಪ್ಪು ಒಂದೇ ತೆರನದು: ಹೆಚ್ಚು ಓಡದ ಕಾರಾದ್ದರಿಂದ ಗುಂಡಿಗಳು ಆಳವಾಗಿಯೇ ಇರುತ್ತವೆ, ನೋಡಲು ಹೊಸದರಂತಿರುತ್ತದೆ, ರಬ್ಬರ್ ಮಾತ್ರ ಕಲ್ಲಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಗುರುತಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಆರೇಳು ವರ್ಷ ದಾಟಿದ್ದರೆ ಒದ್ದೆ ರಸ್ತೆಗೆ ಅದನ್ನು ನಂಬಬಾರದು. ಬಹು ದಿನಗಳ ಬಿಸಿಲಿನ ನಂತರ ಬೀಳುವ ಮಳೆಯ ಮೊದಲ ಹದಿನೈದಿಪ್ಪತ್ತು ನಿಮಿಷ ಅತಿ ಜಾರಿಕೆಯ ಹೊತ್ತು, ರಸ್ತೆಯ ಎಣ್ಣೆ, ಧೂಳು, ರಬ್ಬರಿನ ಪುಡಿ ನೀರಿನೊಡನೆ ಬೆರೆತು ಲೋಳೆಯಾಗುತ್ತದೆ. ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತ ಲಾರಿಗಳಿಂದ ಬಿದ್ದ ಮಣ್ಣು, ಈರುಳ್ಳಿ ಸಿಪ್ಪೆ, ಕೊಳೆತ ತರಕಾರಿ ಇದಕ್ಕೆ ಸೇರಿಕೊಳ್ಳುತ್ತವೆ. ಹೊರವರ್ತುಲ ರಸ್ತೆಯಲ್ಲೂ ಬಳ್ಳಾರಿ ರಸ್ತೆಯಲ್ಲೂ ವಿಮಾನ ನಿಲ್ದಾಣದ ಮೆಟ್ರೊ ಕಾಮಗಾರಿಯ ಕೆಸರು ಬೇರೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸ್ಲ್ಯಾಬುಗಳ ನಡುವಿನ ಕಬ್ಬಿಣದ ಜೋಡಣೆಗಳ ಮೇಲೆ ತಿರುವಿನಲ್ಲಿರುವಾಗ ಬ್ರೇಕ್ ಹಿಡಿಯಬೇಡಿ.

ಮಳೆಯಲ್ಲಿ ಹಳೆಯ ಕಾರು ನಡುದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಕರೆಂಟಿನ ಕಾರಣದಿಂದ. ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಂದು ಕೂದಲೆಳೆಯ ಬಿರುಕು, ಒಣಗಿ ಸೀಳಿದ ಪ್ಲಗ್ ವೈರು ಒಣಹವೆಯಲ್ಲಿ ಗೊತ್ತೇ ಆಗುವುದಿಲ್ಲ, ತೇವ ತಾಗಿದ ಕೂಡಲೇ ಕಿಡಿ ಅಡ್ಡದಾರಿ ಹಿಡಿಯುತ್ತದೆ. ರಾತ್ರಿ ಕತ್ತಲಲ್ಲಿ ಎಂಜಿನ್ ಚಾಲೂ ಇಟ್ಟು ಬೊನೆಟ್ ಎತ್ತಿ ನೋಡಿದರೆ ಸೋರುವ ಕಿಡಿ ನೀಲಿಯಾಗಿ ಮಿಣುಕುವುದು ಕಾಣುತ್ತದೆ. ಕೈ ಹಾಕದೆ ನೋಡಿ. ಮುಚ್ಚಳ, ರೋಟರ್, ಪಾಯಿಂಟು, ಕಂಡೆನ್ಸರ್, ವೈರುಗಳು ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಂದಿಗೂ ಹುಡುಕಿದರೆ ಸಿಗುವ ಸಾಮಾನುಗಳು. ಇದಕ್ಕಿಂತ ಕಡಿಮೆ ಜನ ಯೋಚಿಸುವುದು ಡೈನಮೊ ವಿಚಾರ. ಆಲ್ಟರ್ನೇಟರ್ ಬರುವುದಕ್ಕಿಂತ ಹಿಂದಿನ ಕಾರುಗಳ ಡೈನಮೊ ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಏನನ್ನೂ ಕೊಡುವುದಿಲ್ಲ. ಸಂಜೆ ಮಳೆಯಲ್ಲಿ ಹೆಬ್ಬಾಳದ ಜಾಮಿನಲ್ಲಿ ಸಿಕ್ಕಿಕೊಂಡ ಕಾರನ್ನು ಊಹಿಸಿ. ತಲಾ 45 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ 12 ವೋಲ್ಟಿನಲ್ಲಿ ಏಳೂವರೆ ಆಂಪಿಯರ್, ಹಿಂದಿನ ಸಣ್ಣ ದೀಪಗಳಿಗೆ ಎರಡು, ವೈಪರಿಗೆ ಎರಡೋ ಮೂರೋ, ಇಗ್ನಿಷನ್‌ಗೆ ಮೂರು ನಾಲ್ಕು. ಒಟ್ಟು ಹದಿನೈದರ ಆಸುಪಾಸು, ಎಲ್ಲವೂ ಬ್ಯಾಟರಿಯಿಂದಲೇ. ವಯಸ್ಸಾದ ಬ್ಯಾಟರಿಯಲ್ಲಿ 40 ಆಂಪಿಯರ್ ಗಂಟೆ ಉಳಿದಿದ್ದರೆ ಒಂದು ಗಂಟೆಯ ಜಾಮು ಮೂರರಲ್ಲೊಂದು ಪಾಲಿಗಿಂತ ಹೆಚ್ಚನ್ನು ಕುಡಿದಿರುತ್ತದೆ, ಆಮೇಲೆ ಎಂಜಿನ್ ಆಫ್ ಆದರೆ ಸೆಲ್ಫ್ ತಿರುಗುವುದು ಅನುಮಾನ. ಪೂರ್ತಿ ನಿಂತಾಗ ಹೆಡ್‌ಲೈಟ್ ಆರಿಸಿ ಸಣ್ಣ ದೀಪಗಳನ್ನಷ್ಟೇ ಉಳಿಸಿ, ಐಡ್ಲಿಂಗ್ ಸ್ವಲ್ಪ ಏರಿಸಿಡಿ. ಹಿಂದಿನ ದೀಪಗಳಿಗೆ ಎಲ್‌ಇಡಿ ಬಲ್ಬು ಹಾಕಿದರೆ ಖರ್ಚೂ ಕಡಿಮೆ, ಹಿಂದಿನವರಿಗೂ ಚೆನ್ನಾಗಿ ಕಾಣುತ್ತದೆ. ಪಾಸಿಟಿವ್ ಅರ್ತ್ ಇರುವ ಹಳೆಯ ಬ್ರಿಟಿಷ್ ಕಾರುಗಳಿಗೆ ಮಾತ್ರ ಅದಕ್ಕೊಪ್ಪುವ ಬಲ್ಬನ್ನೇ ಕೇಳಿ ಪಡೆಯಬೇಕು.

ವೈಪರ್ ರಬ್ಬರನ್ನು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲೇ ಬದಲಿಸಿ. 1930ರಿಂದ 50ರ ದಶಕದ ಕೆಲವು ಅಮೆರಿಕನ್ ಕಾರುಗಳ ವೈಪರ್ ಎಂಜಿನ್ನಿನ ವ್ಯಾಕ್ಯೂಮ್‌ನಿಂದ ನಡೆಯುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಅದು ನಿಧಾನವಾಗುತ್ತದೆ. ಮಳೆಯಲ್ಲಿ ಅಂಥ ಕಾರಿನಲ್ಲಿ ಓವರ್‌ಟೇಕ್ ಮಾಡಲೇಬಾರದು. ಗಾಜಿನ ಒಳಗೆ ಆವಿ ಕಟ್ಟಿದರೆ ಮುಂಬಾಗಿಲಿನ ತ್ರಿಕೋನ ಕಿಟಕಿ ತೆರೆದಿಡುವುದೇ ಒಳ್ಳೆಯ ಉಪಾಯ.

ಈಗ ನಿಂತ ನೀರಿಗೆ ಬರೋಣ, ಎಲ್ಲಕ್ಕಿಂತ ಗಂಭೀರವಾದದ್ದು ಇದೇ. ಉತ್ತರ ಬೆಂಗಳೂರಿನ ನೀರು ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, ಕೆರೆಗಳ ಹಳೆಯ ಸರಪಳಿಯ ದಾರಿಯಲ್ಲಿ ನಿಲ್ಲುತ್ತದೆ. ಯಲಹಂಕ ಕೆರೆಯಿಂದ ಅಳ್ಳಾಲಸಂದ್ರ, ಜಕ್ಕೂರು, ರಾಚೇನಹಳ್ಳಿ ಕಡೆಗೆ ಒಂದು ಹರಿವು; ಹೆಬ್ಬಾಳದಿಂದ ನಾಗವಾರದ ಕಡೆಗೆ ಇನ್ನೊಂದು. ಈ ಇಳಿಜಾರುಗಳನ್ನು ರಸ್ತೆ ಎಲ್ಲಿ ಅಡ್ಡ ಹಾಯುತ್ತದೋ ಅಲ್ಲಿ ಮಳೆನೀರು ರಸ್ತೆಗೆ ಏರುತ್ತದೆ. ಮಾನ್ಯತಾ ಟೆಕ್ ಪಾರ್ಕಿನ ಸುತ್ತ ಮತ್ತೆ ಮತ್ತೆ ಆಗುವುದು ಇದೇ. ಯಲಹಂಕದ ಕೇಂದ್ರೀಯ ವಿಹಾರ ವಸತಿ ಸಮುಚ್ಚಯ 2021ರ ನವೆಂಬರಿನಲ್ಲಿ ಮುಳುಗಿತು, ಮತ್ತೆ 2024ರ ಅಕ್ಟೋಬರ್ 22ರಂದು ಮುಳುಗಿ ಜನರನ್ನು ದೋಣಿಗಳಲ್ಲಿ ಸಾಗಿಸಬೇಕಾಯಿತು. ಆ ಚಿತ್ತೆ ಮಳೆ ಯಲಹಂಕದಲ್ಲಿ ಸುಮಾರು ಆರು ಗಂಟೆಗಳಲ್ಲಿ 150 ಮಿ.ಮೀ. ಮೀರಿ ಸುರಿದಿತ್ತು. ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತ ಹಳೆಯ ಕಾರಿಗೆ ಅಂಥ ರಾತ್ರಿ ಯಾವ ರಕ್ಷಣೆಯೂ ಇಲ್ಲ. ಮುಚ್ಚಿಟ್ಟರೆ ಸುರಕ್ಷಿತ ಎನ್ನುವವರು ಈ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಗ್ಗು ಪ್ರದೇಶದ ಅಪಾರ್ಟ್‌ಮೆಂಟಿನಲ್ಲಿರುವವರು ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲದಲ್ಲಾದರೂ ಕಾರನ್ನು ನೆಲಮಟ್ಟಕ್ಕೆ ತರುವುದು ಒಳಿತು.

ಕೆಳಸೇತುವೆಗಳ ಅಪಾಯವನ್ನು ನಗರ 2023ರ ಮೇ 21ರಂದು ಕೆ.ಆರ್. ವೃತ್ತದಲ್ಲಿ ನೋಡಿದೆ. ನೀರು ತುಂಬಿದ ಕೆಳಸೇತುವೆಗೆ ಇಳಿದ ಕಾರಿನಲ್ಲಿ ಯುವ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರು ಪ್ರಾಣ ಕಳೆದುಕೊಂಡರು. ಮೇಖ್ರಿ ವೃತ್ತ, ಕಾವೇರಿ ಜಂಕ್ಷನ್‌ಗಳ ಕೆಳಸೇತುವೆಗಳಲ್ಲಿ ದಿನವೂ ಹೋಗುವವರಿಗೆ ರಸ್ತೆ ಕಣ್ಣುಮುಚ್ಚಿದರೂ ಗೊತ್ತು, ಆದರೆ ಕೆಂಪು ನೀರಿನ ಆಳ ಯಾರಿಗೂ ಗೊತ್ತಿರುವುದಿಲ್ಲ. ಅಂಬಾಸಿಡರಿನ 5.90-15 ಟೈರಿನ ಎತ್ತರ ಸುಮಾರು 67 ಸೆಂ.ಮೀ., ಅದರ ಹಬ್ಬು ನೆಲದಿಂದ ಸುಮಾರು 32 ಸೆಂ.ಮೀ. ಮೇಲಿರುತ್ತದೆ. ನೀರು ಹಬ್ಬಿನ ಮಟ್ಟಕ್ಕೆ ಬರುವ ಮೊದಲೇ ಡ್ರಮ್ಮಿನ ಒಳಗಾಯಿತು. ಹಬ್ಬು ಮುಟ್ಟಿದರೆ ಬೇರಿಂಗಿನ ಗ್ರೀಸಿಗೂ ಹಿಂದಿನ ಆಕ್ಸಲಿಗೂ ನೀರು ಸೇರುತ್ತದೆ, ಫ್ಯಾನು ಅದನ್ನು ಎತ್ತಿ ಇಗ್ನಿಷನ್ ಮೇಲೆ ಎರಚುತ್ತದೆ. ಹರಿಯುವ ನೀರು 30 ಸೆಂ.ಮೀ. ಆಳವಿದ್ದರೆ ಸಣ್ಣ ಕಾರುಗಳನ್ನು ತೇಲಿಸಿ ತಳ್ಳಬಲ್ಲದು. ನನ್ನ ನಿಯಮ ಸರಳ: ರಸ್ತೆಯ ಮೈ ಅಥವಾ ಪಕ್ಕದ ಫುಟ್‌ಪಾತಿನ ಅಂಚು ಕಾಣದಿದ್ದರೆ ಹಿಂದಿರುಗಿ. ಬಸ್ಸು ದಾಟಿತೆಂದು ಹಿಂಬಾಲಿಸಬೇಡಿ. ನೀರಿನಲ್ಲಿ ಎಂಜಿನ್ ನಿಂತುಹೋದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ಹೊಕ್ಕ ನೀರನ್ನು ಒತ್ತಲಾಗದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜನ ಇಳಿದು ಹೊರಬರುವುದು ಮೊದಲು, ಕಾರು ಆಮೇಲೆ. ಮಳೆಯ ಮುನ್ಸೂಚನೆಗೆ ದೂರ ಹೋಗಬೇಕಿಲ್ಲ: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಯಲಹಂಕದಲ್ಲೇ ಇದೆ, ಅದು 2020ರಲ್ಲಿ ತಂದ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್ ನಗರದ ಬಡಾವಣೆವಾರು ಮಳೆಯ ಮಾಹಿತಿಗೆಂದೇ ರೂಪಿಸಿದ್ದು. ಇಲ್ಲಿನ ಗುಡುಗುಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ, ರಾತ್ರಿ ಬೀಳುವಂಥದು. ವಾರದ ಓಟವನ್ನು ಭಾನುವಾರ ಬೆಳಗ್ಗೆ ಮುಗಿಸಿಕೊಂಡರೆ ಅರ್ಧ ಸಮಸ್ಯೆ ಎದುರಾಗುವುದೇ ಇಲ್ಲ.

ಎರಡನೆಯ ಆಕ್ಷೇಪ ಕಾನೂನಿನದು. 2021ರ ಜುಲೈನಲ್ಲಿ ಬಂದ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ನಿರ್ವಹಣೆ ಇವುಗಳಿಗಾಗಿ ಮಾತ್ರ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ ಇಲ್ಲ. ನಾನು ಹೇಳುತ್ತಿರುವ ವಾರದ ಓಟ ಪೆಟ್ರೋಲ್ ಬಂಕಿಗೋ ಗ್ಯಾರೇಜಿಗೋ ಹೋಗಿಬರುವ ನಿರ್ವಹಣೆಯ ಓಟವೇ ಆಗಿರಲಿ. ಮಾಮೂಲಿ ನೋಂದಣಿಯನ್ನೇ ಐದು ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಬಂದವರಿಗೆ ಈ ಮಿತಿ ಇಲ್ಲ. ಆದರೆ ಇತರರ ಸುರಕ್ಷತೆಯ ಪ್ರಶ್ನೆ ಇಬ್ಬರಿಗೂ ಒಂದೇ. ಸಾಮರ್ಥ್ಯ ಕಡಿಮೆ ಇರುವ ಬ್ರೇಕನ್ನು ಸ್ಕೂಟರ್ ಸವಾರರು ತುಂಬಿದ ಒದ್ದೆ ರಸ್ತೆಗೆ ಏಕೆ ತರಬೇಕು ಎಂದು ಕೇಳಿದರೆ, ಬ್ರೇಕ್ ಸರಿಯಿಲ್ಲದ ಕಾರನ್ನು ಒಣ ರಸ್ತೆಗೂ ತರಬಾರದು ಎಂಬುದೇ ನನ್ನ ಉತ್ತರ. ತಿಂಗಳುಗಟ್ಟಲೆ ನಿಂತು, ನವೆಂಬರಿನಲ್ಲಿ ಪರೀಕ್ಷಿಸದೆ ನೇರವಾಗಿ ರ‍್ಯಾಲಿಗೆ ಹೊರಟ ಕಾರು ಪ್ರತಿ ವಾರ ಓಡಿದ ಕಾರಿಗಿಂತ ದಾರಿಹೋಕರಿಗೆ ಹೆಚ್ಚು ಅಪಾಯಕಾರಿ.

ಚಳಿಗಾಲದಲ್ಲಿ ತೊಂದರೆ ಕಡಿಮೆ. ಡಿಸೆಂಬರಿನ 15 ಡಿಗ್ರಿಯಲ್ಲಿ ಚೋಕ್ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಒಂದಿಷ್ಟು ಬಿಸಿಯಾದ ಕೂಡಲೇ ಒಳತಳ್ಳಿ. ಮರೆತರೆ ಹೆಚ್ಚಿನ ಪೆಟ್ರೋಲ್ ಸಿಲಿಂಡರಿನ ಎಣ್ಣೆಯನ್ನು ತೊಳೆದುಬಿಡುತ್ತದೆ. ನಿಜವಾದ ಅಪಾಯ ಮಂಜು. ದೇವನಹಳ್ಳಿಯ ವಿಮಾನಗಳನ್ನೇ ತಡೆಯುವ ಆ ಮಂಜು ಬೆಳಗಿನ ಜಾವ 1,478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಹೊರಡುವವರ ದಾರಿಯಲ್ಲೇ ಇರುತ್ತದೆ. ಹಳೆಯ ಕಾರಿನ ಹಿಂಬದಿ ದೀಪ ಮಂಕು, ಹಝಾರ್ಡ್ ದೀಪ ಇಲ್ಲ, ಮೂರನೆಯ ಬ್ರೇಕ್ ಲೈಟ್ ಇಲ್ಲ. ಡಿಪ್ ದೀಪ ಹಾಕಿ, ಹಿಂಬದಿ ಬಂಪರಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸಿ, ಬಳ್ಳಾರಿ ರಸ್ತೆಯ ಬಲಬದಿ ಲೇನನ್ನು ವೇಗದವರಿಗೆ ಬಿಡಿ. ಅದಕ್ಕಿಂತ ಒಳ್ಳೆಯದು ಸೂರ್ಯ ಏರುವವರೆಗೆ ಹೊರಡದಿರುವುದು. ಬೆಟ್ಟ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಸಿ, ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದು ಕುದಿಯುವುದು ಅಲ್ಲೇ.

ಇಷ್ಟೆಲ್ಲಕ್ಕೂ ಹಣ ಎಲ್ಲಿಂದ ಎಂದು ಕೇಳುವವರು ಬಹಳ ಮಂದಿ ಇದ್ದಾರೆ, ನ್ಯಾಯವಾದ ಪ್ರಶ್ನೆಯೇ. ಎಲ್ಲವನ್ನೂ ಒಂದೇ ವರ್ಷ ಮಾಡಬೇಕಿಲ್ಲ. ಪೇಂಟಿಂಗು, ಕ್ರೋಮು, ಸೀಟಿನ ಹೊಲಿಗೆಗಳನ್ನು ಮುಂದಕ್ಕೆ ಹಾಕಿ, ಮೊದಲು ಬ್ರೇಕ್ ಹೋಸುಗಳನ್ನೂ ಎಣ್ಣೆಯನ್ನೂ ಬದಲಿಸಿ: ಹಳೆಯ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಒಂದೇ ಸರ್ಕ್ಯೂಟ್, ಒಂದು ಹೋಸು ಒಡೆದರೆ ಪೂರ್ತಿ ಬ್ರೇಕ್ ಹೋಗುತ್ತದೆ. ಆಮೇಲೆ ಟೈರು, ಆಮೇಲೆ ಎಥನಾಲ್ ತಡೆಯುವ ಪೆಟ್ರೋಲ್ ಪೈಪು, ಪ್ಲಗ್ ವೈರು, ವೈಪರ್ ರಬ್ಬರು. ವಿಮಾ ಪತ್ರವನ್ನೂ ಒಮ್ಮೆ ತೆಗೆದು ಓದಿ. ನೀರಿನಲ್ಲಿ ನಿಂತ ಎಂಜಿನ್ನನ್ನು ಸ್ಟಾರ್ಟ್ ಮಾಡಿದ್ದರಿಂದಾದ ನಷ್ಟ ಸಾಮಾನ್ಯ ಪಾಲಿಸಿಯಲ್ಲಿ ಬರುವುದಿಲ್ಲ, ಅದಕ್ಕೆ ಬೇಕಾದ ಹೆಚ್ಚುವರಿ ರಕ್ಷಣೆ ಹಳೆಯ ಕಾರಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಈ ಕೆಲಸಗಳಿಗೆ ಗ್ಯಾರೇಜಿನಲ್ಲಿ ಏಪ್ರಿಲ್ ಮೊದಲ ವಾರವೇ ದಿನ ಹೇಳಿಸಿಕೊಳ್ಳಿ, ಮಳೆ ಶುರುವಾದ ಮೇಲೆ ಹಳೆಯ ಕಾರು ಬಲ್ಲ ಮೆಕ್ಯಾನಿಕ್‌ಗಳು ಬಿಡುವಾಗಿ ಸಿಗುವುದಿಲ್ಲ.